ಮಗುವಿನ ಅಪ್ಪನನ್ನು ಟೆಂಪೋದಲ್ಲೇ ಬಿಟ್ಟು ಹೋದೆವು

ಮೊನ್ನೆ ಶಾಲೆಯ ಆಟೋಟದಲ್ಲಿ ನನ್ನ ಮೊಮ್ಮಗಳು ದೀಕ್ಷಾ ಓಟದಲ್ಲಿ ಮೂರನೆಯವಳಾಗಿ ಬಂದಳು. ಓಡಿದವರು ಮೂರೇ ಜನ. ಆದರೇನಾಯಿತು? ನಾನು ಅಜೆಕಾರು ಪೇಟೆಯಿಂದ ಎರಡು ಕಿಲೋ ಲಾಡು ತಂದು ನೆರೆಕರೆಯ ಮನೆಮನೆಗೂ ಹಂಚಿದೆ.

"ಎಂತ ಗಿರಿಜಕ್ಕ, ಕೊನೆಗೆ ಬಂದದ್ದಕ್ಕೂ ಲಾಡಾ?" ಎಂದು ಆಚೆ ಮನೆಯ ವಾರಿಜ ನಗಾಡಿದಳು.

"ಅವಳು ಮೂತ್ರ ಮಾಡಿದ್ದಕ್ಕೇ ಲಾಡು ಹಂಚಿದವಳು ನಾನು. ಓಡಿದ್ದಕ್ಕೆ ಹಂಚದೆ ಇರ್ತೇನಾ ಮಾರಾಯ್ತಿ?" ಎಂದೆ.

ವಾರಿಜ ನನಗೆ ಸ್ವಲ್ಪ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎಂದುಕೊಳ್ಳಲಿ. ನಾನು ಓದಿದ್ದು ಮೂರನೆಯ ಕ್ಲಾಸು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಇದು, ಪೆನ್ನನ್ನೂ ಕತ್ತರಿಯ ಹಾಗೆಯೇ ಹಿಡಿಯುತ್ತದೆ. ಆದರೂ ಬರೆಯುತ್ತೇನೆ. ಮಣಿಪಾಲದಲ್ಲಿ ಮಕ್ಕಳ ವಾರ್ಡಿನ ಹೊರಗಿನ ಬೆಂಚಿನಲ್ಲಿ ಇವತ್ತು ಸಹ ಯಾರೋ ಒಬ್ಬ ಅಜ್ಜಿ ಕುಳಿತಿರಬಹುದು. ಮೊಮ್ಮಗುವಿನ ಕಾಯಿಲೆಯ ಹೆಸರು ಅವಳ ಬಾಯಿಗೆ ಬರಲಿಕ್ಕಿಲ್ಲ. ನನಗೂ ಇವತ್ತಿನವರೆಗೆ ಬಂದಿಲ್ಲ. ಅಕ್ಕ, ಹೆಸರು ಬಾರದಿದ್ದರೂ ಅದರ ಎದುರು ನಿಲ್ಲಬಹುದು. ಅದನ್ನು ಹೇಳಲಿಕ್ಕೇ ಇಷ್ಟು ಉದ್ದದ ಬರಹ.

ನನ್ನ ಮಗಳು ಸುಮತಿಯನ್ನು ಕೊಟ್ಟದ್ದು ಕಾಪುವಿಗೆ. ಅಳಿಯ ದಿನೇಶ ಮೀನಿನ ಟೆಂಪೋ ಓಡಿಸುತ್ತಿದ್ದ. ಮಲ್ಪೆಯಲ್ಲಿ ಮೀನು ತುಂಬಿಸಿ ಕಾರ್ಕಳದ ಕಡೆಗೆ ಹೋಗುವುದು ಅವನ ಕೆಲಸ. ದೀಕ್ಷಾ ಆಗ ಒಂದನೆಯ ಕ್ಲಾಸು. ಒಂದು ವಾರ ಶೀತ, ಜ್ವರ. ಮಕ್ಕಳಿಗೆ ಬರುವುದೇ ಅಲ್ವಾ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜ್ವರ ಬಿಟ್ಟಿತು. ಆದರೆ ಮಗು ಬಿಳಿಚಿಕೊಂಡಿತು. ಕಣ್ಣು ಸ್ವಲ್ಪ ಹಳದಿ.

"ಕಾಮಾಲೆ" ಎಂದರು ದಿನೇಶನ ತಾಯಿ ಲಚ್ಚಕ್ಕ. ಎರ್ಮಾಳಿನಲ್ಲಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವವರೊಬ್ಬರಿದ್ದರು. ಮೂರು ಬೆಳಿಗ್ಗೆ ಹಸಿರು ರಸ ಕುಡಿಸಿದರು, ಉಪ್ಪಿಲ್ಲದ ಗಂಜಿ ಕೊಟ್ಟರು. ಲಚ್ಚಕ್ಕನನ್ನು ನಾನು ದೂರುವುದಿಲ್ಲ. ಕಣ್ಣು ಹಳದಿಯಾದರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಾಲ್ಕನೆಯ ದಿನ ನಾನು ನೋಡಲಿಕ್ಕೆಂದು ಹೋದೆ. ಮಗುವಿನ ಮುಖ ಊದಿಕೊಂಡಿತ್ತು. ತೊಡೆಯ ಮೇಲೆ ಅಲ್ಲಲ್ಲಿ ನೀಲಿ ಕಲೆ, ಯಾರೋ ಚಿವುಟಿದ ಹಾಗೆ. "ಇವಳಿಗೆ ಹೊಡೆದದ್ದು ಯಾರು?" ಎಂದು ಸುಮತಿಯ ಮೇಲೆಯೇ ಹಾರಿದೆ.

"ಯಾರೂ ಮುಟ್ಟಲಿಲ್ಲ ಅಮ್ಮ, ಅದಾಗಿಯೇ ಬಂದದ್ದು" ಎಂದು ಅವಳು ಅತ್ತಳು. "ನಿನ್ನೆ ಒಂದು ಸಲ ಮೂತ್ರ ಮಾಡಿದ್ದಾಳೆ, ಹಾಲು ಹಾಕದ ಚಾದ ಬಣ್ಣ. ಇವತ್ತು ಬೆಳಿಗ್ಗೆಯಿಂದ ಅದೂ ಇಲ್ಲ."

ದಿನೇಶ ಮೀನು ಇಳಿಸಿ ಆಗಷ್ಟೇ ಬಂದಿದ್ದ. ಕೈ ಸಹ ತೊಳೆಯದೆ ಮಗುವನ್ನು ಎತ್ತಿ ಟೆಂಪೋದ ಮುಂದಿನ ಸೀಟಿನಲ್ಲಿ ನನ್ನ ಮಡಿಲಿಗೆ ಹಾಕಿದ. ಮಣಿಪಾಲದವರೆಗೆ ಅವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಹೊಟ್ಟೆಗೆ ಸಣ್ಣ ಕೊಳವೆ ಹಾಕಿದರು. ಒಳಗೆ ನೀರು ಬಿಡುವುದು, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ತೆಗೆಯುವುದು. ಕಿಡ್ನಿ ಮಾಡಬೇಕಾದ ಕೆಲಸವನ್ನು ಆ ನೀರು ಮಾಡುತ್ತದೆಯಂತೆ. ಕೈಯ ನರಕ್ಕೆ ಹಳದಿ ನೀರಿನ ಚೀಲ, ಯಾರೋ ಕೊಟ್ಟ ರಕ್ತದಿಂದ ಬೇರೆ ಮಾಡಿದ್ದು. ಮಗು ಕೇಳುತ್ತಿದ್ದದ್ದು ಒಂದೇ: "ಅಜ್ಜಿ, ನೀರು." ಕುಡಿಯಲಿಕ್ಕೆ ಕೊಡುವ ಹಾಗಿಲ್ಲ. ಅಳತೆ ಮಾಡಿ ಮುಚ್ಚಳದಲ್ಲಿ ಇಷ್ಟಿಷ್ಟೇ. ಕಡಲ ಬದಿಯಲ್ಲಿ ಹುಟ್ಟಿದ ಮಗುವಿಗೆ ಮುಚ್ಚಳದಲ್ಲಿ ನೀರು! ನಾನೂ ಅಷ್ಟು ದಿನ ಅವಳೆದುರು ಒಂದು ಗುಟುಕು ನೀರು ಕುಡಿಯಲಿಲ್ಲ.

ನೋಡುತ್ತಿದ್ದ ಡಾಕ್ಟರಮ್ಮ ಮೈಸೂರು ಕಡೆಯವರು, ಸಣ್ಣ ಪ್ರಾಯ. ಒಂದು ದಿನ ಅವರನ್ನು ತಡೆದು ಕೇಳಿದೆ. "ಇವಳಿಗೆ ಆದದ್ದು ಎಂತ? ನನಗೆ ಅರ್ಥ ಆಗುವ ಹಾಗೆ ಹೇಳಿ."

ಅವರು ಬೆಂಚಿನಲ್ಲಿ ನನ್ನ ಪಕ್ಕವೇ ಕುಳಿತರು. "ನಮ್ಮ ರಕ್ತದಲ್ಲಿ ಕಾವಲುಗಾರರು ಇರ್ತಾರೆ ಅಮ್ಮ. ಹೊರಗಿಂದ ಬಂದ ರೋಗಾಣುಗಳನ್ನ ಹೊಡೆದು ಹಾಕೋದು ಅವರ ಕೆಲಸ. ಇವಳಲ್ಲಿ ಆ ಕಾವಲುಗಾರರು ಜ್ವರ ಬಿಟ್ಟ ಮೇಲೂ ನಿಲ್ಲಿಸಲಿಲ್ಲ. ಅವಳ ಕಿಡ್ನಿಯನ್ನೇ ಹೊಡೀತಾ ಇದ್ದಾರೆ."

ನಾನು ಸ್ವಲ್ಪ ಯೋಚಿಸಿದೆ. "ಹಾಗಾದರೆ ಚೆಕ್ಕರಿಗೆ ಹುಚ್ಚು ಹಿಡಿದಿದೆ" ಎಂದೆ.

"ಯಾವ ಚೆಕ್ಕರ್?"

ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಇರುತ್ತಾನೆ. ನಾವು ಕಟ್ಟಿದ ಬೀಡಿಯನ್ನು ನೋಡಿ ಕೆಟ್ಟದ್ದನ್ನು ಆರಿಸಿ ಬಿಸಾಡುತ್ತಾನೆ. ಅದು ಸರಿಯೇ. ಆದರೆ ಕೆಲವು ದಿನ ಅವನಿಗೆ ಎಂತಾಗುತ್ತದೋ, ಒಳ್ಳೆಯ ಕಟ್ಟನ್ನೂ ಮುರಿದು ಹಾಕುತ್ತಾ ಹೋಗುತ್ತಾನೆ. ಹಿಂದಿನಿಂದ ಯಾರಾದರೂ "ಸಾಕು ಮಾರಾಯ, ನಿಲ್ಲಿಸು" ಎಂದು ಅವನ ಕೈ ಹಿಡಿಯಬೇಕು. ಇದನ್ನೆಲ್ಲ ಹೇಳಿ, "ನಮ್ಮ ದೀಕ್ಷಾಳಲ್ಲಿ ಆ ಕೈ ಹಿಡಿಯುವವನಿಗೆ ಬಲ ಇಲ್ಲ, ಅಲ್ವಾ?" ಎಂದೆ.

ಡಾಕ್ಟರಮ್ಮ ನನ್ನನ್ನೇ ನೋಡಿದರು. "ನಾಳೆ ನಮ್ಮ ಸ್ಟೂಡೆಂಟ್ಸ್‌ಗೆ ಇದನ್ನೇ ಹೇಳ್ತೀನಿ ಗಿರಿಜಮ್ಮ" ಎಂದರು.

ಬೆಂಚಿನಲ್ಲಿ ನನಗೆ ಜೊತೆ ಯಮನವ್ವ. ಬಾಗಲಕೋಟೆ ಕಡೆಯವಳು, ಗಂಡಹೆಂಡತಿ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಕಲ್ಲಿನ ರಾಶಿಯ ಹತ್ತಿರ ಅವಳ ಮಗಳಿಗೆ ಹಾವು ಕಚ್ಚಿ, ಆ ಮಗುವಿಗೂ ಕಿಡ್ನಿ ನಿಂತಿತ್ತು. ಅವಳ ಮಾತು ನನಗೆ ಅರ್ಧ ಅರ್ಥ ಆಗುತ್ತಿತ್ತು, ನನ್ನ ಮಾತು ಅವಳಿಗೆ ಅರ್ಧ. ಎರಡು ಅರ್ಧ ಸೇರಿಸಿ ದಿನ ಕಳೆದೆವು. ಅವಳು ರೊಟ್ಟಿ ಮುರಿದು ಕೊಡುತ್ತಿದ್ದಳು, ನಾನು ಉಪ್ಪಿನಕಾಯಿ.

ಎಂಟನೆಯ ದಿನ ಅವಳ ಮಗಳಿಗೆ ಮೂತ್ರ ಬಂತು. ಯಮನವ್ವ ಓಡಿ ಹೋಗಿ ಬೆಲ್ಲದ ಅಚ್ಚು ತಂದು, ಬೆಂಚಿನ ಮೇಲೆಯೇ ಕುಟ್ಟಿ ಎಲ್ಲರ ಅಂಗೈಗೂ ಒಂದೊಂದು ಚೂರು ಹಾಕಿದಳು. ಕಾವಲಿನವನಿಗೂ, ಕಸ ಗುಡಿಸುವವಳಿಗೂ. ನನ್ನ ಅಂಗೈಗೆ ಇಟ್ಟಾಗ ನನಗೆ ಅಳು ಬಂತು.

"ಯಾಕ ಅಳ್ತೀರಿ ಆಯಿ? ನನ್ನ ಮಗಳಿಗೂ ಬಂದಿದ್ದಿಲ್ಲ, ಇವತ್ತು ಬಂತಿಲ್ಲೋ? ನಿಮ್ಮ ಮೊಮ್ಮಗಳಿಗೂ ಬರ್ತೈತಿ. ನೀವೂ ಹಿಂಗ ಹಂಚಬೇಕು ನೋಡ್ರಿ, ಮರೀಬ್ಯಾಡ್ರಿ."

ಅದೇ ದಿನ ಸಂಜೆ ಲಚ್ಚಕ್ಕ ಬಂದರು. ಮಗುವಿನ ಮಂಚದ ಹತ್ತಿರ ನಿಂತು ನಿಟ್ಟುಸಿರು ಬಿಟ್ಟು, ಹೊರಗೆ ಬಂದು ಬೆಂಚಿನಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದರು. "ನಮ್ಮ ಕಡೆ ಇಂಥದ್ದು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ಇದು ಬರಿಯಿಂದಲೇ ಬಂದದ್ದು."

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ತುಳುನಾಡಿನಲ್ಲಿ ಬರಿ ಎಂದರೆ ವಂಶ, ಅದು ತಾಯಿಯಿಂದ ಮಕ್ಕಳಿಗೆ ಹೋಗುವುದು. ನನ್ನ ಬರಿ ಸುಮತಿಗೆ, ಸುಮತಿಯದು ದೀಕ್ಷಾಳಿಗೆ. ದಿನೇಶನದು ಬೇರೆಯೇ ಬರಿ, ಅವನ ತಾಯಿಯದ್ದು. ಹಾಗಾಗಿ ಲಚ್ಚಕ್ಕ ಹೇಳಿದ್ದರ ಅರ್ಥ, ದೋಷ ಇರುವುದು ನನ್ನಲ್ಲಿ, ನನ್ನ ತಾಯಿಯಲ್ಲಿ, ನನ್ನ ಅಜ್ಜಿಯಲ್ಲಿ. ನನ್ನ ಮೈ ಉರಿದು ಹೋಯಿತು.

"ನಮ್ಮ ಬರಿಯಲ್ಲಿ ಎಂತ ಉಂಟು, ಎಂತ ಇಲ್ಲ ಅಂತ ರಕ್ತ ತೆಗೆಸಿಯೇ ತೋರಿಸ್ತೇನೆ ಅಕ್ಕ. ಆಗ ಮಾತಾಡುವ" ಎಂದೆ. ಸಿಟ್ಟಿಗೆ ಹೇಳಿದ್ದು. ಹಾಗೆಲ್ಲ ರಕ್ತದಲ್ಲಿ ಕಾಣುತ್ತದೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು? ದಿನೇಶ ಅಲ್ಲಿಯೇ ಗೋಡೆಗೆ ಒರಗಿ ನಿಂತಿದ್ದ. ತಾಯಿಯ ಮಾತೂ ಕೇಳಿದ, ನನ್ನ ಮಾತೂ ಕೇಳಿದ. ಮೆಲ್ಲಗೆ ಮೆಟ್ಟಿಲು ಇಳಿದು ಹೋದ.

ಹನ್ನೆರಡನೆಯ ದಿನ ಡಾಕ್ಟರಮ್ಮ ನನ್ನನ್ನೂ ಸುಮತಿಯನ್ನೂ ತಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಡಾಕ್ಟರು ಕುರ್ಚಿ ಕೊಟ್ಟರೆ ಹೆದರಬೇಕು ಎಂದು ಅಷ್ಟರಲ್ಲಿ ನಾನು ಕಲಿತಿದ್ದೆ.

"ಕಿಡ್ನಿ ಇನ್ನೂ ಎದ್ದಿಲ್ಲ. ಏಳಬಹುದು. ಏಳದೇನೂ ಇರಬಹುದು. ಈಗಲೇ ಹೇಳೋಕಾಗಲ್ಲ."

ಸುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ನಿಂತು ಸೊಂಟ ತಟ್ಟಿ ತೋರಿಸಿದೆ. "ಇಲ್ಲಿ ಎರಡುಂಟು. ಒಂದನ್ನು ತೆಗೆದು ಅವಳಿಗೆ ಹಾಕಿ. ಇವತ್ತೇ ಹಾಕಿ."

"ಕೂತ್ಕೊಳ್ಳಿ ಗಿರಿಜಮ್ಮ. ಹಾಗೆಲ್ಲ ತೆಗೆಯೋಕಾಗಲ್ಲ. ನಿಮ್ಮ ರಕ್ತದಲ್ಲೂ ಇದೇ ದೋಷ ಇದ್ದರೆ, ನಿಮ್ಮ ಕಿಡ್ನಿ ಅವಳ ಒಳಗೆ ಹೋಗಿ ಇದೇ ಕಾಯಿಲೆಗೆ ಸಿಕ್ಕಬಹುದು. ಉಳಿದ ಒಂದರಲ್ಲಿ ನಿಮಗೂ ಅಪಾಯ. ಮೊದಲು ತಿಳ್ಕೋಬೇಕು."

ಆಮೇಲೆ ಅವರು ಆ ಸಂಶೋಧನೆಯ ವಿಷಯ ಹೇಳಿದರು. ಇಂಥ ಮಕ್ಕಳು ಎಲ್ಲೆಲ್ಲಿದ್ದಾರೋ ಅವರ ಮತ್ತು ಅವರ ಮನೆಯವರ ರಕ್ತ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ಆ ಕೈ ಹಿಡಿಯುವವನು ಯಾಕೆ ಸೋತ ಎಂದು ಹುಡುಕುತ್ತಾರೆ. "ಬೇಡ ಅಂದರೆ ಬೇಡ, ಮಗುವಿನ ಚಿಕಿತ್ಸೆಗೆ ಏನೂ ಕಡಿಮೆ ಆಗಲ್ಲ. ಉತ್ತರ ಬರೋಕೆ ತಿಂಗಳುಗಟ್ಟಲೆ ಬೇಕು. ಬಂದರೂ ಅದರಿಂದ ಇವಳಿಗೆ ಪ್ರಯೋಜನ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

"ಯಾರ ರಕ್ತ ಬೇಕು ಹೇಳಿ."

"ಮಗುವಿನ ಹತ್ತಿರದ ರಕ್ತಸಂಬಂಧಿಗಳು. ಸೋಮವಾರ ಬೆಳಿಗ್ಗೆ ಕರ್ಕೊಂಡು ಬನ್ನಿ."

ಅಷ್ಟೇ ಸಾಕಿತ್ತು ನನಗೆ. ಮಗುವಿನ ಹತ್ತಿರ ಸುಮತಿಯನ್ನು ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಅಜೆಕಾರಿಗೆ ಬಂದೆ. ನಮ್ಮ ಕುಟುಂಬದ ಹಿರಿಯ ನನ್ನ ಅಣ್ಣ ಸಂಜೀವ. ಅವನು ಹೂಂ ಎನ್ನದೆ ಯಾರೂ ಬರುವವರಲ್ಲ.

"ನಮ್ಮ ರಕ್ತ ಫಾರಿನ್ನಿಗಾ? ಎಂತಕ್ಕೆ?" ಎಂದ ಅಣ್ಣ.

"ಕುಡಿಯಲಿಕ್ಕೆ ಅಲ್ಲ. ನಿನ್ನದನ್ನು ಕುಡಿದರೆ ಅವರಿಗೆ ಅಮಲು ಏರೀತು."

ಅಣ್ಣ ನಗಲಿಲ್ಲ. "ಗಿರಿಜಾ, ಮದುವೆಯ ಪ್ರಾಯಕ್ಕೆ ಬಂದ ಹುಡುಗಿಯರು ನಾಲ್ಕು ಜನ ಇದ್ದಾರೆ ನಮ್ಮಲ್ಲಿ. ಬರಿಯಲ್ಲಿ ರೋಗ ಉಂಟು ಅಂತ ಊರಿಗೆ ನಾವೇ ಡಂಗುರ ಹೊಡೆಯುವುದಾ?"

"ದೀಕ್ಷಾಳಿಗೂ ಒಂದು ದಿನ ಮದುವೆ ಆಗಬೇಕಲ್ವಾ ಅಣ್ಣ? ಅದಕ್ಕೆ ಮೊದಲು ಅವಳು ಬದುಕಬೇಕು."

ಅಣ್ಣ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, "ಎಷ್ಟು ಗಂಟೆಗೆ ಹೊರಡುವುದು?" ಎಂದ.

ಸೋಮವಾರ ಹೊರಟವರು ಹದಿನೇಳು ಜನ. ನಾನು, ನನ್ನ ಉಳಿದ ಇಬ್ಬರು ಮಕ್ಕಳು, ಅಣ್ಣ, ನನ್ನ ಇಬ್ಬರು ತಂಗಿಯರು, ಅವರ ಮಕ್ಕಳು, ಮಗಳಂದಿರ ಮಕ್ಕಳು, ಎಂಬತ್ತು ದಾಟಿದ ನಮ್ಮ ಚಿಕ್ಕಮ್ಮ. ಅಣ್ಣನ ಸ್ವಂತ ಮಕ್ಕಳನ್ನು ಕರೆಯಲಿಲ್ಲ, ಅವರು ಅತ್ತಿಗೆಯ ಬರಿ. ಲೆಕ್ಕ ಅಷ್ಟು ಸರಿಯಾಗಿ ಮಾಡಿದ್ದೆ ನಾನು! ಬಸ್ಸಿನಲ್ಲಿ ಅಷ್ಟು ಜನ ಹೇಗೆ ಎಂದು ದಿನೇಶ ಟೆಂಪೋವನ್ನು ಎರಡೆರಡು ಸಲ ತೊಳೆದು ತಂದಿದ್ದ, ಕೆಳಗೆ ಚಾಪೆ ಹಾಸಿದ್ದ. ತೊಳೆದರೆ ಬಂಗುಡೆ ಮೀನಿನ ವಾಸನೆ ಹೋಗುತ್ತದಾ? ಮದುವೆಗೆ ಉಡುವ ಸೀರೆ ಉಟ್ಟು ಬಂದ ನನ್ನ ತಂಗಿ ಕಾರ್ಕಳ ದಾಟುವವರೆಗೂ ಗೊಣಗಿದಳು. "ಡಾಕ್ಟರು ರಕ್ತ ತೆಗೀತಾರಾ, ಮೀನಿನ ಸಾರು ಮಾಡ್ತಾರಾ?" ಎಂದು ಚಿಕ್ಕಮ್ಮ ಕೇಳಿದಾಗ ಟೆಂಪೋ ಪೂರ್ತಿ ನಕ್ಕಿತು. ಹದಿಮೂರು ದಿನದಲ್ಲಿ ನಾನು ಮೊದಲ ಸಲ ನಕ್ಕದ್ದು.

ಸಾಲಾಗಿ ಮೆಟ್ಟಿಲು ಹತ್ತಿ ಬಂದ ನಮ್ಮನ್ನು ಕಂಡು ಡಾಕ್ಟರಮ್ಮ ಬಾಯಿ ಬಿಟ್ಟು ನಿಂತರು. "ಇಷ್ಟೊಂದು ಜನಾನಾ? ನನಗೆ ಬೇಕಾಗಿದ್ದು ಐದಾರು ಜನ."

"ಇರಲಿ, ಬೇಕಾದವರದ್ದು ತೆಗೀರಿ" ಎಂದೆ. ನನ್ನ ಎದೆ ಇಷ್ಟು ಅಗಲ ಆಗಿತ್ತು.

ಅವರು ಕಾಗದ ತೆಗೆದು ವಂಶದ ಚಿತ್ರ ಬರೆಯತೊಡಗಿದರು. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. ದೀಕ್ಷಾಳ ದುಂಡಿನ ಮೇಲೆ ಸುಮತಿಯ ದುಂಡು, ಅದರ ಮೇಲೆ ನನ್ನದು. ಸುಮತಿಯ ಪಕ್ಕ ಒಂದು ಚೌಕ ಬರೆದು ಅದರ ಮೇಲೆ ಪೆನ್ನಿಟ್ಟು ತಲೆ ಎತ್ತಿದರು. "ಇವರು ಯಾರು ನಿಮ್ಮಲ್ಲಿ?"

ನಾವು ಹದಿನೇಳು ಜನರೂ ಮುಖ ಮುಖ ನೋಡಿಕೊಂಡೆವು.

"ಅದು ದಿನೇಶ ಅಲ್ವಾ" ಎಂದರು ಚಿಕ್ಕಮ್ಮ. "ಅವನು ನಮ್ಮ ಬರಿ ಅಲ್ಲ, ಅಳಿಯ."

"ಮಗುವಿನ ಅಪ್ಪ! ಅವರ ರಕ್ತ ಬೇಡ್ವಾ ಅಮ್ಮ? ಎಲ್ಲಿದ್ದಾರೆ ಅವರು?"

"ಕೆಳಗಿದ್ದಾನೆ" ಎಂದೆ. "ಟೆಂಪೋ ಕಾಯ್ತಾ ಇದ್ದಾನೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಮ್ಮನ್ನೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಳಿದವರೂ ನಕ್ಕರು. ನನಗೆ ನಗು ಬರಲಿಲ್ಲ. ಹದಿಮೂರು ದಿನ ಮಗುವನ್ನು ನಾನು ಕಾದೆ, ಸುಮತಿ ಕಾದಳು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅವನೂ ಕಾಯುತ್ತಿದ್ದಾನೆ ಎಂದು ಒಮ್ಮೆಯೂ ನನ್ನ ಬಾಯಿಗೆ ಬಂದಿರಲಿಲ್ಲ.

ಕೆಳಗೆ ಹೋದೆ. ದಿನೇಶ ಟೆಂಪೋದ ಮೆಟ್ಟಿಲಲ್ಲಿ ಕುಳಿತಿದ್ದ. ಪಕ್ಕದಲ್ಲಿ ತಿಂಡಿಯ ಪೊಟ್ಟಣ, ಬಿಚ್ಚಿರಲಿಲ್ಲ.

"ಬಾ ಮಗಾ, ಮೇಲೆ ಕರೀತಾರೆ. ತಿಂಡಿ ಯಾಕೆ ತಿನ್ನಲಿಲ್ಲ?"

"ರಕ್ತ ಕೊಡಲಿಕ್ಕೆ ಹೊಟ್ಟೆ ಖಾಲಿ ಇರಬೇಕು ಅಂತ ಯಾರೋ ಹೇಳಿದ್ರು ಮಾಮಿ" ಎಂದ. ಅತ್ತೆಯಾದ ನನ್ನನ್ನು ಅವನು ಮಾಮಿ ಎಂದೇ ಕರೆಯುವುದು. "ನಿನ್ನೆ ರಾತ್ರಿಯೂ ತಿನ್ನಲಿಲ್ಲ. ಒಂದು ವೇಳೆ ಕರೆದರೆ ಅಂತ."

"ಬಾಯಿ ಬಿಟ್ಟು ಕೇಳಬಾರದಾ ಮಾರಾಯ?"

"ಹೇಗೆ ಕೇಳುವುದು? ಅಮ್ಮ ಅವತ್ತು ನಿಮ್ಮ ಬರಿಯನ್ನು ದೂರಿದ್ರು. ಆ ಸಿಟ್ಟಿಗೆ ನೀವು ನನ್ನನ್ನು ಬಿಟ್ಟದ್ದು ಅಂತ ಎಣಿಸಿದೆ." ಅವನು ತಿಂಡಿಯ ಪೊಟ್ಟಣವನ್ನು ಆಚೆ ದೂಡಿದ. "ನಾನು ಅವಳಿಗೆ ಯಾರೂ ಅಲ್ವಾ ಮಾಮಿ?"

ಸಿಟ್ಟಿಗೆ ಬಿಟ್ಟಿದ್ದರೆ ಕ್ಷಮೆ ಕೇಳಬಹುದಿತ್ತು. ನಾನು ಮರೆತದ್ದು. ಅಲ್ಲ, ಮರೆತದ್ದೂ ಅಲ್ಲ, ಲೆಕ್ಕಕ್ಕೇ ಹಿಡಿಯದ್ದು. ಅದನ್ನು ಅವನಿಗೆ ಹೇಗೆ ಹೇಳುವುದು? ಸಣ್ಣ ಮಗುವಿನ ಹಾಗೆ ಅವನ ಕೈ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಹತ್ತಿಸಿದೆ. ಎಲ್ಲರೂ ನೋಡಿದರು. ನೋಡಲಿ ಎಂದೇ ಹಿಡಿದುಕೊಂಡಿದ್ದೆ.

ಬಂದವರಲ್ಲಿ ಸಂಶೋಧನೆಗೆ ಬೇಡವಾದವರು ಸುಮ್ಮನೆ ಹಿಂದೆ ಹೋಗಲಿಲ್ಲ. ಆರೋಗ್ಯ ಇದ್ದ ಆರು ಜನ ರಕ್ತದಾನ ಮಾಡಿದರು. ಯಾರ ಯಾರ ರಕ್ತವೋ ನಮ್ಮ ಮಗುವಿಗೆ ಹೋಗುತ್ತಿತ್ತಲ್ಲ, ನಮ್ಮದೂ ಯಾರಿಗಾದರೂ ಹೋಗಲಿ. ಫಾರಿನ್ನಿಗೆ ಹೆದರಿದ್ದ ಅಣ್ಣನಿಗೆ ಪ್ರಾಯ ಆಯಿತು, ಬೇಡ ಎಂದರು. ಅವನಿಗೆ ಬೇಸರವೋ ಬೇಸರ.

ದಿನೇಶನ ಕಡೆಯಿಂದ ಲಚ್ಚಕ್ಕನೂ ಬರಬೇಕಾಯಿತು. ಮರುದಿನ ಬಂದರು. ಸೂಜಿ ಕಂಡದ್ದೇ ಮುಖ ಬೆಳ್ಳಗಾಯಿತು. ಊರಿಡೀ ಹೆದರುವ ಬಾಯಿ ಅದು, "ಗಿರಿಜಾ, ನನ್ನ ಕೈ ಹಿಡಿ" ಎಂದಿತು. ಹಿಡಿದೆ. ನಿಜ ಹೇಳುತ್ತೇನೆ, ಸ್ವಲ್ಪ ಗಟ್ಟಿಯಾಗಿಯೇ ಹಿಡಿದೆ.

ಹದಿನೇಳನೆಯ ದಿನ ಬೆಳಿಗ್ಗೆ ನಾನು ದೀಕ್ಷಾಳ ತಲೆ ಬಾಚುತ್ತಿದ್ದೆ. "ಅಜ್ಜಿ, ಬಟ್ಟೆ ಒದ್ದೆ" ಎಂದಳು. ಹೊಟ್ಟೆಯ ಕೊಳವೆಯಿಂದ ಸೋರಿತೋ ಎಂದು ಹೆದರಿ ಸಿಸ್ಟರನ್ನು ಕೂಗಿದೆ. ಸಿಸ್ಟರ್ ಹೊದಿಕೆ ಎತ್ತಿ ನೋಡಿದರು, ಬಗ್ಗಿ ಮೂಸಿದರು, ಆಮೇಲೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಅಮ್ಮ, ಇದು ಮೂತ್ರ! ಮೂತ್ರವೇ!"

ಹಾಸಿಗೆ ಒದ್ದೆ ಮಾಡಿದ ಮಗುವನ್ನು ಹಾಗೆ ಮುದ್ದಾಡಿದವರನ್ನು ನೀವು ಕಂಡಿರಲಿಕ್ಕಿಲ್ಲ. ಮಧ್ಯಾಹ್ನದ ಒಳಗೆ ಇನ್ನೊಂದು ಸಲ, ಅಳತೆಯ ಪಾತ್ರೆಯಲ್ಲಿ, ಎರಡು ಚಮಚದಷ್ಟು. ಸಂಜೆಗೆ ಅರ್ಧ ಲೋಟ. ದಿನೇಶ ಪಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಾನು ಯಮನವ್ವನ ಮಾತು ಮರೆತಿರಲಿಲ್ಲ. ಲಾಡು ತಂದು ಬೆಂಚಿನವರಿಗೆಲ್ಲ ಹಂಚಿದೆ. ಯಮನವ್ವ ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಆಗಿತ್ತು. ಅವಳ ಪಾಲಿನದನ್ನು ಕಸ ಗುಡಿಸುವವಳಿಗೆ ಎರಡನೆಯ ಲಾಡಾಗಿ ಕೊಟ್ಟೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಮನೆಗೆ ಬಂದ ಮೇಲೂ ದಿನಾ ಬಿ.ಪಿ. ಮಾತ್ರೆ, ತಿಂಗಳು ತಿಂಗಳು 'ಚೆಕಪ್'. ಮಗು ಒಂದು ಸಲ ಸೀನಿದರೆ ನಮ್ಮ ನಾಲ್ಕು ಜನರ ಎದೆ ನಿಲ್ಲುತ್ತಿತ್ತು. ಎರಡನೆಯ ಕ್ಲಾಸಿನಲ್ಲಿ ಮತ್ತೆ ಬಂತು. ಶೀತ, ಜ್ವರ, ಮೂತ್ರಕ್ಕೆ ಚಾದ ಬಣ್ಣ. ಈ ಸಲ ಅದನ್ನು ಮೊದಲು ಕಂಡವರು ಲಚ್ಚಕ್ಕ. ಸೊಪ್ಪಿನ ಮದ್ದಿನ ಮಾತೇ ಇಲ್ಲ, ದಿನೇಶನ ಮೊಬೈಲಿಗೆ ಫೋನು ಮಾಡಿಸಿ, "ಮೀನು ಅಲ್ಲಿಯೇ ಬಿಸಾಡಿ ಬಾ" ಎಂದರಂತೆ. ಗಂಟೆಯ ಒಳಗೆ ಮಣಿಪಾಲ. ಹಳದಿ ನೀರಿನ ಚೀಲ ಕೆಲವು ದಿನ ಹೋಯಿತು. ಹೊಟ್ಟೆಗೆ ಕೊಳವೆ ಬೇಕಾಗಲಿಲ್ಲ. ಬಾ ಎಂದೆ ನಾನು ಆ ಕಾಯಿಲೆಗೆ. ನಿನ್ನ ಬಣ್ಣ ನಮಗೀಗ ಗೊತ್ತುಂಟು.

ಅದಾಗಿ ಸ್ವಲ್ಪ ಸಮಯಕ್ಕೆ ಸಂಶೋಧನೆಯ ಉತ್ತರ ಬಂತು. ಡಾಕ್ಟರಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು. ನಾನು ಕುಳಿತುಕೊಳ್ಳಲಿಲ್ಲ.

"ದೋಷ ಎಲ್ಲಿದೆ ಅಂತ ಸಿಕ್ಕಿದೆ ಗಿರಿಜಮ್ಮ. ದೀಕ್ಷಾಳಲ್ಲಿ ಇದೆ. ಸುಮತಿಯಲ್ಲಿ ಇದೆ. ನಿಮ್ಮಲ್ಲೂ ಇದೆ. ದಿನೇಶ್ ಅವರಲ್ಲಿ, ಅವರ ತಾಯಿಯಲ್ಲಿ ಕಾಣಲಿಲ್ಲ."

"ನನ್ನಲ್ಲಾ?" ಎಂದೆ. "ನನಗೆ ಅರವತ್ತು ದಾಟಿತು. ಮೂರು ಹೆತ್ತಿದ್ದೇನೆ. ತಲೆನೋವಿಗೂ ಮಾತ್ರೆ ನುಂಗಿದವಳಲ್ಲ."

"ಇದ್ದವರಿಗೆಲ್ಲ ಕಾಯಿಲೆ ಬರುತ್ತೆ ಅಂತಿಲ್ಲ. ನಿಮಗೆ ಬರಲಿಲ್ಲ, ಸುಮತಿಗೆ ಬರಲಿಲ್ಲ, ಮಗುವಿಗೆ ಬಂತು. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅದನ್ನೇ ಹುಡುಕ್ತಾ ಇದ್ದೀವಿ."

"ಮತ್ತೆ ನನ್ನ ಕಿಡ್ನಿ?"

"ನಿಮ್ಮದು ಬೇಡ ಅಮ್ಮ. ಈಗ ಅವಳ ಕಿಡ್ನಿ ಚೆನ್ನಾಗಿದೆ. ಮುಂದೆ ಯಾವತ್ತಾದರೂ ಅಂಥ ದಿನ ಬಂದರೆ, ಮೊದಲು ನೋಡೋದು ಅವಳ ಅಪ್ಪನ್ನ."

ಹೊರಗೆ ಬಂದು ಅದೇ ಬೆಂಚಿನಲ್ಲಿ ಕುಳಿತೆ. ಹದಿನೇಳು ಜನರನ್ನು ಹೊರಡಿಸಿಕೊಂಡು ಬಂದ ನನ್ನಲ್ಲೇ ಇತ್ತು. ಮಗುವಿಗೆ ಕೊಡಲಿಕ್ಕೆ ಎಂದು ನಾನು ಜೋಪಾನ ಮಾಡಿಟ್ಟದ್ದು ಅವಳಿಗೆ ಆಗುವುದಿಲ್ಲ. ನಾವು ಟೆಂಪೋದಲ್ಲಿ ಬಿಟ್ಟು ಹೋದವನದ್ದು ಆಗಬಹುದು. ಸ್ವಲ್ಪ ಅತ್ತೆ. ಸ್ವಲ್ಪವೇ. ಆಮೇಲೆ ಸಿಟ್ಟು ಬಂತು, ಒಳ್ಳೆಯ ಸಿಟ್ಟು. ಅಜೆಕಾರಿನ ಬಸ್ಸು ಬಿಟ್ಟು ಕಾಪುವಿನ ಬಸ್ಸು ಹತ್ತಿದೆ. ಇನ್ನೊಬ್ಬರ ಬಾಯಿಂದ ಲಚ್ಚಕ್ಕನ ಕಿವಿಗೆ ಬೀಳುವುದು ಬೇಡ, ನಾನೇ ಹೇಳುತ್ತೇನೆ.

ಲಚ್ಚಕ್ಕ ಜಗಲಿಯಲ್ಲಿ ಮೀನು ಕೊಯ್ಯುತ್ತಿದ್ದರು. ನಾನು ಅಂಗಳದಲ್ಲೇ ನಿಂತು ಹೇಳಿದೆ. "ಅಕ್ಕ, ನೀವು ಹೇಳಿದ್ದು ಸರಿ. ನನ್ನ ಬರಿಯಿಂದಲೇ ಬಂದದ್ದು. ನನ್ನಲ್ಲೂ ಉಂಟು ಅದು, ಹುಟ್ಟಿದಲ್ಲಿಂದ ಉಂಟಂತೆ. ಮುಂದೆ ಮಗುವಿಗೆ ಕಿಡ್ನಿ ಬೇಕಾದರೆ ನನ್ನದು ಆಗುವುದಿಲ್ಲ, ಮೊದಲು ನೋಡುವುದು ದಿನೇಶನದ್ದಂತೆ. ಈಗ ಎಂತ? ನಾನು ತಲೆ ತಗ್ಗಿಸುವುದಿಲ್ಲ. ಅದನ್ನು ಇಟ್ಟುಕೊಂಡೇ ದುಡಿದಿದ್ದೇನೆ, ಅದನ್ನು ಇಟ್ಟುಕೊಂಡೇ ಮಕ್ಕಳನ್ನು ಸಾಕಿದ್ದೇನೆ. ಯಾರ ಹತ್ತಿರ ಬೇಕಾದರೂ ಹೇಳಿ."

ಲಚ್ಚಕ್ಕ ಕತ್ತಿ ಪಕ್ಕಕ್ಕಿಟ್ಟರು. ಬಯ್ಯುತ್ತಾರೆ ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ತಯಾರಾದೆ.

"ನಿನ್ನದೇ ಬಂದದ್ದಾದರೆ," ಎಂದರು, "ನಿನ್ನ ಹಾಗೆ ಅರವತ್ತು ದಾಟಲಿ ಅವಳಿಗೆ. ನಿನ್ನ ಬಾಯಿಯೂ ಸ್ವಲ್ಪ ಬರಲಿ. ಬಾ, ಕೈ ತೊಳಿ, ಊಟ ಮಾಡು."

ದಿನೇಶ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಊಟದ ಮೇಲೆ ಕಿಸೆಯಿಂದ ಬೀಡಿಯ ಕಟ್ಟು ತೆಗೆದು ನನ್ನ ಕೈಯಲ್ಲಿಟ್ಟ. ನಾನೇ ಕಟ್ಟಿದ್ದು, ಕಟ್ಟಿನ ನೂಲು ನೋಡಿದರೆ ನನಗೆ ಗೊತ್ತಾಗುತ್ತದೆ. "ಇನ್ನು ಬೇಡ ಮಾಮಿ. ನನ್ನದನ್ನು ಚಂದ ಮಾಡಿ ಇಡಬೇಕಲ್ಲ, ಯಾವತ್ತು ಬೇಕಾಗ್ತದೋ." ನಲವತ್ತು ವರ್ಷದಲ್ಲಿ ನನ್ನ ಬೀಡಿಯನ್ನು ಚೆಕ್ಕರ್ ಎಷ್ಟೋ ಸಲ ಬಿಸಾಡಿದ್ದಾನೆ. ಬೇಡ ಎಂದದ್ದಕ್ಕೆ ನನಗೆ ಸಂತೋಷ ಆದದ್ದು ಅವತ್ತು ಮಾತ್ರ.

ಮೊನ್ನೆ ಓಟದ ದಿನ ನಾವು ನಾಲ್ವರೂ ಹೋಗಿದ್ದೆವು. ದೀಕ್ಷಾ ಈಗ ನಾಲ್ಕನೆಯ ಕ್ಲಾಸು. ದಿನೇಶ ಗೆರೆಯ ಆಚೆ ಎರಡೂ ಕೈ ಚಾಚಿ ನಿಂತಿದ್ದ. ಲಚ್ಚಕ್ಕ, "ಓಡು, ಓಡು, ನಿನ್ನ ಅಜ್ಜಿಯ ಬರಿ ತೋರಿಸು!" ಎಂದು ಶಾಲೆ ಒಡೆದು ಹೋಗುವ ಹಾಗೆ ಕೂಗಿದರು. ಇಬ್ಬರು ಗೆರೆ ಮುಟ್ಟಿ ನಿಂತು ಏದುಸಿರು ಬಿಡುತ್ತಿದ್ದಾಗ ನಮ್ಮವಳು ಬಂದಳು. ಬಂದವಳು ಅಪ್ಪನ ಕೈಯಲ್ಲಿ ನಿಲ್ಲಲಿಲ್ಲ. ಅದೇ ಓಟದಲ್ಲಿ ನನ್ನನ್ನು ದಾಟಿ ಹೋದಳು.

"ಎಲ್ಲಿಗೆ ಮಗಾ?" ಎಂದು ಹಿಂದಿನಿಂದ ಓಡಿದೆ.

"ಅಜ್ಜಿ, ಮೂತ್ರ! ಅರ್ಜೆಂಟು!"

ಪಾಯಿಖಾನೆಯ ಬಾಗಿಲು ದಡ್ ಎಂದು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಮೈಕಿನಲ್ಲಿ ಗೆದ್ದವರ ಹೆಸರು ಹೇಳುತ್ತಿದ್ದರು. ಆ ಗದ್ದಲದಲ್ಲಿಯೂ ಬಾಗಿಲಿಗೆ ಕಿವಿ ಇಟ್ಟು, ಒಳಗಿನ ಆ ಸದ್ದು ನಿಲ್ಲುವವರೆಗೂ ಕೇಳಿದೆ.